ನಮ್ಮ ಬುಟ್ಟಿ, ಅವರ ಬುಟ್ಟಿ

ನನ್ನ ತವರು ತಿಕೋಟಾ, ಕೊಟ್ಟದ್ದು ಬಬಲೇಶ್ವರಕ್ಕೆ. ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ಈ ಎರಡೂ ಊರುಗಳ ನಡುವೆ ಯುದ್ಧ ಶುರುವಾಯಿತು. ಸಮುದ್ರದಾಚೆಯ ದೊಡ್ಡ ಯುದ್ಧ ಆಗಷ್ಟೇ ಮುಗಿದಿತ್ತು. ಮೋಟಾರುಗಳು ಇನ್ನೂ ಇದ್ದಿಲಿನ ಹೊಗೆಯ ಮೇಲೆಯೇ ಓಡುತ್ತಿದ್ದವು, ಸಕ್ಕರೆಗೂ ಸೀಮೆಎಣ್ಣೆಗೂ ಸರದಿ ಹಚ್ಚಬೇಕಿತ್ತು. ನಮ್ಮೆರಡು ಊರುಗಳ ಯುದ್ಧಕ್ಕೆ ಮಾತ್ರ ಅಂಥದ್ದೇನೂ ಬೇಕಾಗಲಿಲ್ಲ. ಒಂದು ಚೆಂಡು, ಎರಡು ಕಬ್ಬಿಣದ ಬಳೆ, ಅಷ್ಟೇ.

ಅವನ್ನು ತಂದವರು ವಿಜಾಪುರದ ಒಂದು ಹೈಸ್ಕೂಲಿನ ಡ್ರಿಲ್ ಮಾಸ್ತರರು. ಅದೇ ಊರಿನ ಹಳೆಯ ಮುಸಲ್ಮಾನ ಮನೆತನದವರು, ಎತ್ತರದ ಆಳು, ಕೊರಳಲ್ಲಿ ಯಾವಾಗಲೂ ಸೀಟಿ. ಪುಣೆಯ ಕಡೆ ಕಸರತ್ತಿನ ತರಬೇತಿಗೆ ಹೋದವರು ಬರುವಾಗ ಬಾಸ್ಕೆಟ್‌ಬಾಲ್ ಎಂಬ ಆಟ ಕಲಿತು ಬಂದಿದ್ದರು. ಕಮ್ಮಾರನಿಂದ ಎರಡು ದೊಡ್ಡ ಬಳೆ ಬಡಿಸಿದರು, ಎರಡು ಕಂಬ ನೆಡಿಸಿ ಹಲಗೆ ಹೊಡೆಸಿದರು. ಬಲೆ ಎಲ್ಲಿಂದ ತರಬೇಕು? ರಾಶಿ ಮಾಡುವಾಗ ಕಾಳು ತಿನ್ನದಿರಲೆಂದು ಎತ್ತಿನ ಬಾಯಿಗೆ ಕಟ್ಟುತ್ತಾರಲ್ಲ, ಆ ಹಗ್ಗದ ಬಲೆ ಎರಡು ತಂದು, ತಳ ಕೊಯ್ದು, ಬಳೆಗೆ ಜೋತು ಹಾಕಿದರು. ಹುಡುಗರು ಬಾಸ್ಕೆಟ್ ಎಂದರೆ ಬುಟ್ಟಿ ಎಂದು ಊರಲ್ಲಿ ಬಂದು ಹೇಳಿದರು. ಊರ ಮಂದಿ ಆಟಕ್ಕೆ ಬುಟ್ಟಿಚೆಂಡು ಎಂದು ಹೆಸರಿಟ್ಟು ಮುಗಿಸಿದರು.

ಆಗ ಹಳ್ಳಿಗಳಿಂದ ಓದಲು ಬಂದ ಹುಡುಗರು ತಮ್ಮ ತಮ್ಮ ಊರಿನವರೆಲ್ಲ ಕೂಡಿ ವಿಜಾಪುರದಲ್ಲಿ ಒಂದು ಖೋಲಿ ಹಿಡಿದು ಇರುತ್ತಿದ್ದರು. ಊಟದ ಬುತ್ತಿ ದಿನಾ ಊರಿನಿಂದ ಮೋಟಾರಿನಲ್ಲಿ ಬರುತ್ತಿತ್ತು. ಮಾಸ್ತರರು ಒಂದೊಂದು ಖೋಲಿಗೆ ಒಂದೊಂದು ತಂಡ ಮಾಡಿದರು. ತಿಕೋಟಾದ ಖೋಲಿಯಲ್ಲಿ ನನ್ನ ತಮ್ಮನಿದ್ದ, ಬಬಲೇಶ್ವರದ ಖೋಲಿಯಲ್ಲಿ ನನ್ನ ಮೈದುನ. ಇಬ್ಬರೂ ಒಂದೇ ವರ್ಗ, ಕೂಡುವುದು ಒಂದೇ ಬಾಕಿನ ಮೇಲೆ, ಒಬ್ಬನ ಪುಸ್ತಕ ಇನ್ನೊಬ್ಬ ಓದುವಷ್ಟು ಗೆಳೆತನ. ಎಲ್ಲ ತಂಡಗಳನ್ನು ಸೋಲಿಸಿದವರು ಸೊಲ್ಲಾಪುರಕ್ಕೆ ಆಡಲು ಹೋಗುವುದೆಂದು ಗೊತ್ತಾದ ಮೇಲೆ ಖೋಲಿ ಖೋಲಿಗಳ ನಡುವೆ ಮಾತು ಕಡಿಮೆಯಾಯಿತು. ಅರಕೇರಿ ಮತ್ತು ಇಟ್ಟಂಗಿಹಾಳದ ಹುಡುಗರು ಕೂಡಿ ಕಟ್ಟಿದ ತಂಡ ಮೊದಲ ಸುತ್ತಿಗೇ ಸೋತಿತು. ಕನಮಡಿಯ ಹುಡುಗರು ಸೋಲಲೂ ಇಲ್ಲ, ಗೆಲ್ಲಲೂ ಇಲ್ಲ. ಚೆಂಡು ಕೈಯಲ್ಲಿ ಹಿಡಿದು ಓಡಬಾರದು ಎಂದು ಮಾಸ್ತರರು ಮತ್ತೆ ಮತ್ತೆ ಸೀಟಿ ಊದಿದ್ದಕ್ಕೆ, "ಓಡಬಾರದಂದ್ರ ನಾವು ಬಂದದ್ದರ ಯಾಕ್ರಿ?" ಎಂದು ಅಂಗಿ ಹಾಕಿಕೊಂಡು ನಡುವೆಯೇ ಹೊರಟುಹೋದರು. ವಿಜಾಪುರದ ಊರೊಳಗಿನ ಹುಡುಗರ ತಂಡವೂ ಬಿದ್ದಮೇಲೆ ಉಳಿದವು ಎರಡೇ ತಂಡ. ತಿಕೋಟಾ ಮತ್ತು ಬಬಲೇಶ್ವರ.

ಆಟದ ಕಾಯಿದೆ ನನಗೆ ಗೊತ್ತಿತ್ತು. ಪಂಚಮಿಗೆ ತವರಿಗೆ ಹೋದಾಗ ನನ್ನ ತಮ್ಮ ಹಿತ್ತಲಿನ ಬೇವಿನ ಮರಕ್ಕೆ ತಳ ಹರಿದ ಬುಟ್ಟಿಯೊಂದನ್ನು ಕಟ್ಟಿ, ಹಳೆಯ ಅರಿವೆ ಸುತ್ತಿದ ಚೆಂಡಿನಿಂದ ನನಗೆ ಕಲಿಸಿದ್ದ. ಜೋಕಾಲಿ ಬಿಟ್ಟು ನಾನು ಅದನ್ನೇ ಆಡಿದ್ದೆ.

"ನೋಡಕ್ಕಾ, ನಮ್ಮ ಬುಟ್ಟಿ ನಾವು ಕಾಯ್ಬೇಕು. ಅವರ ಬುಟ್ಟ್ಯಾಗ ನಾವು ಒಗೀಬೇಕು. ಅರ್ಧ ಆಟ ಆದಮ್ಯಾಲ ಬುಟ್ಟಿ ಅದಲಿ ಬದಲಿ."

"ತನ್ನ ಬುಟ್ಟ್ಯಾಗ ತಾನ ಹಾಕಿದ್ರ?" ಎಂದೆ.

"ಎದುರಿನವರಿಗೆ ಎರಡು ಪಾಯಿಂಟು. ಆದ್ರ ಅಂಥಾ ಹುಚ್ಚ ಯಾಂವಿರ್ತಾನ?"

ಬಬಲೇಶ್ವರದಲ್ಲಿ ಈ ಆಟಕ್ಕೆ ಎಲ್ಲರಿಗಿಂತ ಹೆಚ್ಚು ಬಿದ್ದವರು ನಮ್ಮ ಅತ್ತೆ. ಚೆಂಡಿನ ಆಟ ಅವರು ಕಣ್ಣಾರೆ ಕಂಡವರಲ್ಲ. ಆದರೆ ಆಡುವವನು ಅವರ ಕಿರಿಯ ಮಗ. ಅವರು ಗಟ್ಟಿ ಹೆಣ್ಣುಮಗಳು. ಹೊಲದಿಂದ ಕೂಗಿದರೆ ಮನೆಯಲ್ಲಿ ಎಮ್ಮೆ ಕಿವಿ ನಿಮಿರಿಸುತ್ತಿತ್ತು. ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತರು.

"ಒಂದ ಮಾತ ಕೇಳ್ತೇನಿ. ಖರೇ ಹೇಳ್ಬೇಕು. ನೀ ಯಾರ ಕಡೆ?"

"ಯಾತರಾಗರಿ ಅತ್ತಿ?"

"ಗೊತ್ತಿಲ್ಲದಾಕೀಹಂಗ ಮಾಡಬ್ಯಾಡ. ಬುಟ್ಟಿಚೆಂಡಿನ್ಯಾಗ."

"ನಾ ಈ ಮನಿ ಸೊಸಿ ಅಲ್ಲೇನ್ರಿ?"

"ಕೇಳಿದ್ದಕ್ಕ ತಿರುಗಿ ಕೇಳೂದನ್ನ ನಿಮ್ಮವ್ವ ಚೊಲೋ ಕಲಿಸ್ಯಾಳ," ಎಂದು ಅತ್ತೆ ಎದ್ದರು. ಹೊಸ್ತಿಲಲ್ಲಿ ನಮ್ಮ ಮನೆಯವರು ನಿಂತಿದ್ದರು. ಅತ್ತೆ ಅವರನ್ನೂ ಬಿಡಲಿಲ್ಲ. "ನೀ ಯಾರ ಕಡೆ? ತಮ್ಮನ ಕಡೆನೋ, ಹೆಂಡ್ತಿ ತಮ್ಮನ ಕಡೆನೋ?"

"ನಾ ಎತ್ತಿನ ಕಡೆ ಬೇ," ಎಂದರು ಅವರು. "ಅಷ್ಟು ದೂರ ನಿಮ್ಮನ್ನ ಎಳಕೊಂಡು ಹೋಗೂವು ಅವ."

ಆಟ ನೋಡಲು ಹೆಂಗಸರು ಬಂಡಿ ಕಟ್ಟಿಸಿಕೊಂಡು ಹೋಗುವುದು ಆಗ ರೂಢಿಯಲ್ಲಿರಲಿಲ್ಲ. ಅತ್ತೆ ರೂಢಿಯನ್ನು ಕೇಳಿ ಬದುಕಿದವರೂ ಅಲ್ಲ. ಅವರು ಹೋಗುತ್ತಾರೆಂದು ತಿಳಿದದ್ದೇ ತಡ, ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಗಂಡಂದಿರಿಗೆ ಬಂಡಿ ಹೂಡಲು ಹೇಳಿದರು. ತಿಕೋಟಾದಿಂದಲೂ ಬಂಡಿಗಳು ಬರುತ್ತಿವೆ, ಮುಂದಿನ ಬಂಡಿಯಲ್ಲಿ ನನ್ನ ಅವ್ವನೇ ಇದ್ದಾಳೆ ಎಂದು ಮೋಟಾರಿನವನು ಸುದ್ದಿ ತಂದ.

ಪಂದ್ಯದ ಹಿಂದಿನ ದಿನ ಅತ್ತೆ ನನ್ನನ್ನು ಕರೆದು ಕಡಲೆಬೇಳೆ ಅಳೆಯಲು ಹೇಳಿದರು.

"ಹೋಳಗಿ ಮಾಡೋಣು. ಪಾಪ, ನಿನ್ನ ತಮ್ಮನ ಖೋಲ್ಯಾಗ ಹುಡುಗೂರು ಕಟಕ ರೊಟ್ಟಿ ತಿಂದು ತಿಂದು ಸೊರಗ್ಯಾವ. ನಾಳಿ ಮುಂಜಾನಿ ಮೋಟಾರಿಗೆ ಕಳಸೋಣು. ಎಲ್ಲಾರಿಗೂ ಹೊಟ್ಟಿ ತುಂಬಾ ಆಗಬೇಕ ನೋಡು. ತುಪ್ಪ ಕೈ ಬಿಟ್ಟು ಹಾಕು."

ನನಗೆ ಕಣ್ಣು ತುಂಬಿ ಬಂತು. ಬೀಗರ ಮಕ್ಕಳ ಮೇಲೆ ಇಷ್ಟು ಅಂತಃಕರಣ! ಹೋಳಿಗೆ ಬೇಯಿಸುತ್ತ ಕೇಳಿದೆ, "ಮೈದುನಾರ ಖೋಲಿಗೆ ಎಷ್ಟು ಇಡಲ್ರಿ?"

"ಅವಕ್ಕ ಹೋಳಗಿ ಬ್ಯಾಡ. ಎರಡೆರಡು ಸಜ್ಜಿ ರೊಟ್ಟಿ, ಮ್ಯಾಲ ಮಜ್ಜಿಗಿ. ಓಡೂ ಹುಡುಗೂರು ಹಗುರಿರಬೇಕು."

ಆಗ ನನಗೆ ಹೊಳೆಯಿತು. ಹೊಗೆ ಕಣ್ಣಿಗೆ ಹೋಯಿತೆಂದು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದೆ. ನಗು ನಿಲ್ಲುವವರೆಗೆ ಎಮ್ಮೆಯ ಮಗ್ಗುಲಲ್ಲಿ ನಿಂತಿದ್ದೆ.

ಮರುದಿನ ನಾವು ವಿಜಾಪುರ ಮುಟ್ಟಿದಾಗ ಬಿಸಿಲು ಇಳಿಮುಖವಾಗಿತ್ತು. ಆಟದ ಬಯಲು ಕೋಟೆಗೋಡೆಗೆ ಹತ್ತಿಕೊಂಡೇ ಇತ್ತು. ಒಂದು ಬುಟ್ಟಿ ಕೋಟೆಯ ಕಡೆ, ಇನ್ನೊಂದು ದೊಡ್ಡ ಹುಣಸೆಮರದ ಕಡೆ. ಎತ್ತು ಬಿಚ್ಚಿ, ನಮ್ಮ ಬಂಡಿಗಳನ್ನು ಒಂದು ಮಗ್ಗುಲಿಗೆ ಸಾಲಾಗಿ ನಿಲ್ಲಿಸಿದರು, ಎದುರು ಮಗ್ಗುಲಿಗೆ ತಿಕೋಟಾದವರದು. ಹೆಂಗಸರು ಬಂಡಿಯ ಮೇಲೆ, ಗಂಡಸರು ಬಂಡಿಯ ಮುಂದೆ ನೆಲದ ಮೇಲೆ. ನಮ್ಮ ಕಡೆಯವರು ಹಲಗೆ ವಾದ್ಯ ಬಾರಿಸುವವನನ್ನೂ ಕರೆತಂದಿದ್ದರು.

ನನ್ನ ಅವ್ವ ಬಯಲು ದಾಟಿ ನಮ್ಮ ಬಂಡಿಗೆ ಬಂದಳು. ಸುಟ್ಟ ಎಳೆ ಜೋಳದ ಸೀತನಿ ತಂದಿದ್ದಳು. ಬೀಗತಿಯರಿಬ್ಬರೂ ಕೈ ಕೈ ಹಿಡಿದು ಒಬ್ಬರ ಮೈ ಒಬ್ಬರು ವಿಚಾರಿಸಿಕೊಂಡರು.

"ಅಕ್ಕಾರ, ನೀವು ಕಳಿಸಿದ ಹೋಳಗಿ ಮುಟ್ಟಿದುವಂತರಿ. ಎಷ್ಟು ತ್ರಾಸ ತಗೊಂಡ್ರಿ!" ಎಂದಳು ಅವ್ವ.

"ತ್ರಾಸ ಯಾತರದರಿ? ನಿಮ್ಮ ಮಗಾ ಬ್ಯಾರೆ, ನನ್ನ ಮಗಾ ಬ್ಯಾರೆ ಏನ್ರಿ?"

"ಹಂಗ ಅಂದಕೊಂಡ ನಾನೂ ಮುಂಜಾನಿ ನಿಮ್ಮ ಖೋಲಿಗೆ ಒಂದ ಕೊಡ ಗೋಧಿಹುಗ್ಗಿ ಕಳಿಸೇನ್ರಿ. ಎಲ್ಲಾ ಹುಡುಗೂರು ಬಳದು ಉಂಡುವಂತ."

ಅತ್ತೆಯ ಕೈಯಲ್ಲಿದ್ದ ಸೀತನಿ ಅಲ್ಲಿಯೇ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರ ಮುಖದ ನಗುವೂ ಸರಿಯಲಿಲ್ಲ, ಆದರೆ ಅವ್ವ ಬೇಗನೆ ತನ್ನ ಬಂಡಿಗೆ ಮರಳಿದಳು.

ಹೀಗಾಗಿ ಬಯಲಿಗಿಳಿದ ಹತ್ತೂ ಹುಡುಗರ ಹೊಟ್ಟೆ ಅಂಗಿಯ ಹೊರಗೆ ಕಾಣುತ್ತಿತ್ತು. ತಮ್ಮ ಎರಡು ಸಲ ಓಡಿ ಪಕ್ಕೆ ಹಿಡಿದು ನಿಂತ. ಮೈದುನ ಚೆಂಡು ಹಿಡಿಯಲು ಜಿಗಿದು, ಅರ್ಧಕ್ಕೇ ಮನಸ್ಸು ಬದಲಿಸಿದವನಂತೆ ಕೆಳಗಿಳಿದ. ಮಾಸ್ತರರು ಸೀಟಿ ಬಾಯಿಂದ ತೆಗೆದು, "ಏನಾಗೇದೋ ನಿಮಗ? ನಿನ್ನೆ ಜಿಂಕಿಹಂಗ ಓಡ್ತಿದ್ರಿ!" ಎಂದರು. ಒಬ್ಬ ತೇಗಿದ.

ನೋಡುವ ಮಂದಿ ಆಟವೇ ಹೀಗೆ ನಿಧಾನದ್ದೆಂದು ತಿಳಿದು, ಅದರಲ್ಲೇ ಸಂತೋಷಪಟ್ಟರು. ಚೆಂಡು ಎತ್ತರಕ್ಕೆ ಹೋದರೆ ಎರಡೂ ಕಡೆಯವರು ಹೋ ಎನ್ನುತ್ತಿದ್ದರು. ಯಾರು ಬಿದ್ದರೂ ಹಲಗೆ ಮೊಳಗುತ್ತಿತ್ತು. ಹುಡುಗರು ಚೆಂಡನ್ನು ನೆಲಕ್ಕೆ ಪುಟಿಸುತ್ತ ಹೋಗುವುದು ಮಾತ್ರ ಮುದುಕರಿಗೆ ಸರಿಬರಲಿಲ್ಲ. "ಕೈಯಾಗ ಬಂದದ್ದನ್ನ ನೆಲಕ್ಯಾಕ ಬಡೀತಾನೋ? ಒಡದೀತು!" ನಮ್ಮ ಮಾವ ಕುಸ್ತಿಯ ಮನುಷ್ಯ. ಒಬ್ಬ ಇನ್ನೊಬ್ಬನಿಗೆ ಭುಜ ತಾಗಿಸಿದ್ದಕ್ಕೆ ಮಾಸ್ತರರು ಸೀಟಿ ಊದಿದಾಗ ಅವರು ತಲೆಯ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಮೈ ಮುಟ್ಟಿದ್ರ ತಪ್ಪಂತ! ಹಂಗಾರ ಗಂಡಸರು ಯಾಕ ಆಡಬೇಕಿದನ್ನ?" ಎಂದರು.

ನನ್ನ ಪಾಡು ಬೇರೆಯೇ ಆಗಿತ್ತು. ಮಗ್ಗುಲಲ್ಲಿ ಅತ್ತೆ, ಎದುರಿಗೆ ಅವ್ವ. ಇಬ್ಬರೂ ಆಟಕ್ಕಿಂತ ನನ್ನ ಬಾಯಿಯನ್ನೇ ಹೆಚ್ಚು ನೋಡುತ್ತಿದ್ದರು. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಯಾವ ಊರಿನ ಹೆಸರನ್ನೂ ಎತ್ತದೆ, ಚೆಂಡು ಯಾವ ಬುಟ್ಟಿಗೆ ಬಿದ್ದರೂ ಒಂದೇ ಸಮ "ಹೋ" ಎನ್ನುವುದು. ಅತ್ತೆಗೆ ಅದು ಬಬಲೇಶ್ವರದ ಹೋ, ಅವ್ವನಿಗೆ ತಿಕೋಟಾದ ಹೋ. ನಮ್ಮ ಮನೆಯವರು ಬಂಡಿಯ ಕೆಳಗೆ ನೆರಳಿನಲ್ಲಿ ಅಡ್ಡಾಗಿದ್ದರು. "ದನಿ ಬೀಳ್ತದ, ನೀರ ಕುಡಿ," ಎಂದು ಅಲ್ಲಿಂದಲೇ ತಂಬಿಗೆ ಚಾಚಿದರು. ಅವರಿಗೆ ಎಲ್ಲ ತಿಳಿದಿತ್ತು.

ಮೊದಲ ಅರ್ಧದಲ್ಲಿ ನಮ್ಮ ಹುಡುಗರು ಕೋಟೆ ಕಡೆಯ ಬುಟ್ಟಿಗೆ ಒಗೆಯುತ್ತಿದ್ದರು. ಅತ್ತೆ ಇಷ್ಟನ್ನು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಅರ್ಧ ಆಟ ಮುಗಿದು ಬುಟ್ಟಿಗಳು ಬದಲಾದವು. ಮಾಸ್ತರರು ಅದನ್ನು ಕೂಗಿ ಹೇಳಿದರು ಕೂಡ. ಆದರೆ ಆ ಹೊತ್ತಿಗೆ ಅತ್ತೆ ಚುರುಮುರಿ ಹಂಚುವುದರಲ್ಲಿ, ಮಂದಿ ತಿನ್ನುವುದರಲ್ಲಿ ಇದ್ದರು. ನಾನು ಹೇಳಬಹುದಿತ್ತು. ಆದರೆ ಕಾಯಿದೆ ನನಗೆ ಯಾರು ಕಲಿಸಿದರು ಎಂದು ಕೇಳಿದರೆ? ಸುಮ್ಮನೆ ಚುರುಮುರಿ ತಿಂದೆ.

ಆಟ ಮುಗಿಯುತ್ತ ಬಂದಾಗ ಬಬಲೇಶ್ವರ ಒಂದು ಪಾಯಿಂಟು ಮುಂದಿತ್ತು. ಹೊತ್ತು ನೋಡುವ ಕೆಲಸ ಕೋರ್ಟಿನಲ್ಲಿ ಕಾರಕೂನಿಕೆ ಮಾಡಿ ಮನೆಯಲ್ಲಿ ಕುಳಿತ ಒಬ್ಬ ಹಿರಿಯರದು. ಅವರ ಕೈಯಲ್ಲಿ ಸರಪಳಿಯ ಗಡಿಯಾರವಿತ್ತು. ಇನ್ನು ಸ್ವಲ್ಪವೇ ಉಳಿದಿದೆ ಎಂದು ಅವರು ಬೆರಳೆತ್ತಿದ್ದೇ ತಡ, ಮಂದಿ ಆಟ ಬಿಟ್ಟು ಗಡಿಯಾರವನ್ನು ಮುತ್ತಿತು.

"ಯಜಮಾನ್ರ, ಮುಳ್ಳು ಹಂದವಲ್ದಲ್ರಿ! ಕೀಲಿ ಕೊಟ್ಟೀರಿಲ್ಲೋ?" ಎಂದರು ನಮ್ಮವರು.

"ಏ, ಗಡಬಡಿ ಮಾಡಬ್ಯಾಡ್ರಿ ಅವರಿಗೆ! ಸಾವಕಾಶ ನೋಡ್ರಿ ಯಪ್ಪಾ, ಸಾವಕಾಶ!" ಎಂದರು ತಿಕೋಟಾದವರು.

ಬಂಡಿಗಳ ಮೇಲೆ ಕುಳಿತವರೆಲ್ಲ ಎದ್ದು ನಿಂತಿದ್ದರು. ಅತ್ತೆ ನನ್ನ ಮುಂಗೈಯನ್ನು ಎಷ್ಟು ಗಟ್ಟಿ ಹಿಡಿದಿದ್ದರೆಂದರೆ ನನ್ನ ಬಳೆಗಳೆರಡು ಒಡೆದವು, ಇಬ್ಬರಿಗೂ ಗೊತ್ತಾಗಲಿಲ್ಲ. ಮಾವ ಪಟಕಾದ ತುದಿ ಕಚ್ಚುತ್ತಿದ್ದರು. ಹಿಂದಿನ ಬಂಡಿಯ ಅಜ್ಜಿಯೊಬ್ಬಳು ಕಣ್ಣು ಮುಚ್ಚಿಕೊಂಡು, "ಆತೇನ? ಆತೇನ?" ಎಂದು ಕೇಳುತ್ತಲೇ ಇದ್ದಳು. ಎದುರಿಗೆ ನನ್ನ ಅವ್ವ ಸೆರಗನ್ನು ಒಡ್ಡಿ ನಿಂತಿದ್ದಳು, ಚೆಂಡು ತನ್ನ ಮಡಿಲಿಗೇ ಬೀಳುತ್ತದೆಂಬಂತೆ.

ತಮ್ಮನಿಗೆ ಚೆಂಡು ಸಿಕ್ಕಿತು. ಅವನು ಪಕ್ಕೆ ಹಿಡಿದುಕೊಂಡೇ ಕೋಟೆ ಕಡೆಯ ಬುಟ್ಟಿಗೆ ಒಗೆದ. ಚೆಂಡು ಬಳೆಗೆ ಬಡಿದು, ಮೇಲೆದ್ದು, ಕೆಳಗಿಳಿದು, ಬಳೆ ಮತ್ತು ಹಲಗೆಯ ಸಂದಿಯಲ್ಲಿ ಕುಳಿತುಬಿಟ್ಟಿತು. ಬೀಳಲೊಲ್ಲದು. ಕಮ್ಮಾರ ಬಳೆಯನ್ನು ಹಲಗೆಯಿಂದ ಸ್ವಲ್ಪ ದೂರ ಕೂರಿಸಿದ್ದ.

ಆಮೇಲೆ ತಿಕೋಟಾದ ಕಡೆಯಿಂದ ಗದ್ದಲ ಎದ್ದಿತು. "ಬೀಳೋ ಯಪ್ಪಾ! ಒಂದೀಟ ಸರಿಯೋ!" ನಮ್ಮ ಕಡೆಯಿಂದ, "ಕುಂದ್ರು! ಅಲ್ಲೇ ಕುಂದ್ರು ನಮ್ಮಪ್ಪಾ! ಏಳಬ್ಯಾಡ!" ಕೂಸಿಗೆ ಹೇಳುವಂತೆ, ದೇವರಿಗೆ ಹೇಳುವಂತೆ ಎರಡೂ ಊರು ಆ ಚೆಂಡಿಗೆ ಹೇಳಿಕೊಂಡವು.

ಮಾಸ್ತರರು ಸೀಟಿ ಊದಿದರು. "ಚೆಂಡು ಸತ್ತದ! ಇನ್ನ ಬುಟ್ಟ್ಯಾಗ ಬಿದ್ರೂ ಲೆಕ್ಕಿಲ್ಲ. ಇಳಿಸಿ, ಎರಡೂ ಕಡಿಯಾವ್ರ ನಡುವ ಹಾರಸ್ತೇನಿ. ಆಮ್ಯಾಲ ಉಳಿದ ಆಟ."

"ಸತ್ತಿದ್ರ ಇಳಸೂದ್ಯಾಕ್ರಿ?" ಎಂದು ಒಬ್ಬ ಮುದುಕ ಕೇಳಿದ. ಲೆಕ್ಕವಿಲ್ಲವೆಂಬ ಮಾಸ್ತರರ ಮಾತನ್ನು ಯಾರೂ ನಂಬಲಿಲ್ಲ. ಹುಣಸೆಹಣ್ಣು ಬಡಿಯುವ ಉದ್ದನ್ನ ಗಳವೊಂದು ಮರದ ಬುಡದಲ್ಲಿ ಸಿಕ್ಕಿತು. ಆದರೆ ಅದನ್ನು ಹಿಡಿಯುವವರು ಯಾರು? ನಮ್ಮವನು ಹಿಡಿದರೆ ತಿಕೋಟಾದವರು ಒಪ್ಪರು, ಅವರವನು ಹಿಡಿದರೆ ನಾವು ಒಪ್ಪೆವು. ಮಾಸ್ತರರೇ ಇಳಿಸಲಿ ಎಂದರೆ, ಅವರು ಹೋದ ವಾರ ತಿಕೋಟಾದ ಖೋಲಿಯಲ್ಲಿ ಚಹಾ ಕುಡಿದಿದ್ದಾರೆಂದು ನಮ್ಮ ಕಡೆಯವನೊಬ್ಬ ಎತ್ತಿ ಹೇಳಿದ.

ಆಗ ಅತ್ತೆ ಬಂಡಿಯ ಮೇಲಿನಿಂದ, ಹೊಲದಲ್ಲಿ ಕೂಗುವ ದನಿಯಲ್ಲಿ ಅಂದರು, "ನನ್ನ ಸೊಸಿ ಇಳಸ್ತಾಳ! ಆಕಿ ನಿಮ್ಮೂರ ಮಗಳು, ನಮ್ಮೂರ ಸೊಸಿ. ಮತ್ಯಾಕ ಮಾತು?"

"ಹೌದು! ನನ್ನ ಮಗಳು ಇಳಸ್ಲಿ!" ಎಂದು ಎದುರಿನಿಂದ ಅವ್ವ ಕೂಗಿದಳು.

ಇಬ್ಬರಿಗೂ ನನ್ನ ಮೇಲೆ ಅಷ್ಟು ನಂಬಿಕೆ. ಮಾವ ಎದ್ದು ನಿಂತು, "ಮನಿ ಸೊಸೀನ ಇಷ್ಟು ಮಂದ್ಯಾಗ ನಿಂದ್ರಸ್ತೀ ಏನ?" ಎಂದರು.

"ಮಂದಿ ಚೆಂಡ ನೋಡಾಕತ್ತಾರ. ನಿಮ್ಮ ಸೊಸೀನ ಯಾರ ನೋಡ್ತಾರ?" ಎಂದರು ಅತ್ತೆ. ನನ್ನನ್ನು ಕೆಳಗಿಳಿಸುತ್ತ ಕಿವಿಯಲ್ಲಿ, "ಹೊರಗ ಬೀಳಸು, ಒಳಗಲ್ಲ. ಒಗದಾಂವ ನಿನ್ನ ತಮ್ಮ," ಎಂದರು. ನಾನು ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಗಳ ಎತ್ತಿಕೊಂಡು ಬುಟ್ಟಿಯ ಕೆಳಗೆ ನಿಂತೆ. ಎದುರು ಕಡೆಯಿಂದ ಅವ್ವ ಕೈಸನ್ನೆ ಮಾಡುತ್ತಿದ್ದಳು. ಒಳಗೆ, ಒಳಗೆ. ತಮ್ಮನೂ ಮೈದುನನೂ ಒಬ್ಬರ ಹೆಗಲಿಗೆ ಒಬ್ಬರು ಆತು ನಿಂತು ಏದುಸಿರು ಬಿಡುತ್ತಿದ್ದರು. ನಾನು ಕಣ್ಣು ಮುಚ್ಚಿ ತಿವಿದೆ. ಚೆಂಡು ಒಳಗೂ ಹೋಗಲಿಲ್ಲ, ನೇರ ಕೆಳಗೂ ಬರಲಿಲ್ಲ. ಮಾಸ್ತರರ ಟೋಪಿಯ ಮೇಲೆ ಬಿದ್ದು, ಟೋಪಿಯನ್ನೂ ಕರೆದುಕೊಂಡು ಉರುಳಿತು. ಎರಡೂ ಕಡೆ ನಗೆ ಎದ್ದಿತು. ಆ ನಗೆಯಲ್ಲಿ ನಾನು ಗಳ ಒಗೆದು ಓಡಿಬಂದು ಬಂಡಿ ಹತ್ತಿದೆ.

ಮಾಸ್ತರರು ಟೋಪಿ ಝಾಡಿಸಿ ಹಾಕಿಕೊಂಡು, ಬುಟ್ಟಿಯ ಹತ್ತಿರದ ಗೆರೆಯಲ್ಲಿ ತಮ್ಮನನ್ನೂ ಮೈದುನನನ್ನೂ ಎದುರುಬದುರು ನಿಲ್ಲಿಸಿ ಚೆಂಡನ್ನು ಮೇಲಕ್ಕೆ ತೂರಿದರು. ಇಬ್ಬರೂ ಜಿಗಿದರು. ಚೆಂಡು ಇಬ್ಬರ ಬೆರಳಿಗೂ ತಾಗಿ, ಇನ್ಯಾವನದೋ ಎದೆಗೆ ಬಡಿದು, ತಿರುಗಿ ಬಂದು ಮೈದುನನ ಕೈ ಸೇರಿತು. ಅವನು ಅದನ್ನು ಅಪ್ಪಿಕೊಂಡು ನಿಂತಿದ್ದರೆ ಸಾಕಿತ್ತು. ಅವನ ಸಂಗಡಿಗರು, "ಹಿಡ್ಕೋ! ಹಿಡ್ಕೋ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಕಾರಕೂನರು ಗಡಿಯಾರವನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದರು.

ಅಷ್ಟರಲ್ಲಿ ನನ್ನ ಕಿವಿಯ ಮಗ್ಗುಲಲ್ಲೇ ಸಿಡಿಲು ಬಡಿದಂತಾಯಿತು.

"ಒಗಿ ಲೇ! ಬುಟ್ಟಿ ಅಲ್ಲೇ ಐತಿ! ಒಗೀ!"

ಮೈದುನ ಗರ್ರನೆ ತಿರುಗಿ ಒಗೆದ. ಅವನ ಜನ್ಮದಲ್ಲೇ ಅಷ್ಟು ಚಂದ ಒಗೆದಿರಲಿಲ್ಲ. ಚೆಂಡು ಬಳೆಗೂ ತಾಗದೆ, ಎತ್ತಿನ ಬಾಯಿಬಲೆಯನ್ನು ಅಲುಗಿಸಿ ಸರಕ್ಕನೆ ಕೆಳಗಿಳಿಯಿತು. ಸೀಟಿ ಆಯಿತು. ಆಟ ಮುಗಿಯಿತು.

ನಮ್ಮ ಬಂಡಿಗಳು ಮುರಿಯದೇ ಉಳಿದದ್ದೇ ದೊಡ್ಡದು. ಹಲಗೆ ಹುಚ್ಚೆದ್ದು ಮೊಳಗಿತು. ಮಾವ ಪಟಕಾವನ್ನು ಆಕಾಶಕ್ಕೆ ತೂರಿದರು, ಅದು ಬಿಚ್ಚಿಕೊಂಡು ಅಜ್ಜಿಯ ಮೇಲೆ ಬಿತ್ತು. ಅಜ್ಜಿ ಅದರೊಳಗಿಂದಲೇ, "ಆತೇನ?" ಎಂದಳು. ನಮ್ಮ ಗಂಡಸರು ಓಡಿಹೋಗಿ ಮೈದುನನನ್ನು ಹೆಗಲ ಮೇಲೆ ಹೊತ್ತರು. ಅವನು, "ಇಳಸ್ರಿ! ಯಪ್ಪಾ, ಇಳಸ್ರಿ ನನ್ನ!" ಎಂದು ಅಳುತ್ತಿದ್ದ. "ಸಂತೋಷಕ್ಕ ಅಳಾಕತ್ತಾನ ನೋಡ್ರಿ," ಎಂದು ಹೊತ್ತವರು ಇನ್ನೊಂದು ಸುತ್ತು ಹಾಕಿದರು.

ಎದುರು ಕಡೆ ಸಾವಿನ ಮನೆಯ ಮೌನ. ತಿಕೋಟಾದ ಮುದುಕರು ಎತ್ತು ಹೂಡಲು ಏಳುತ್ತಿದ್ದರು. ಬಯಲ ನಡುವೆ ನನ್ನ ತಮ್ಮ ಮತ್ತು ಅವನ ಸಂಗಡಿಗರು ಮಾತ್ರ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು. ಅದನ್ನು ನೋಡಿ ನನ್ನ ಅವ್ವ ಬಾಯಿಗೆ ಕೈ ಇಟ್ಟುಕೊಂಡು, "ಅಯ್ಯ ನನ್ನ ಶಿವನ! ಸೋತಿದ್ದಕ್ಕ ಮಗಗ ತಲಿ ಕೆಟ್ಟೈತಿ!" ಎಂದದ್ದು ನಮ್ಮ ಬಂಡಿಗೂ ಕೇಳಿಸಿತು.

ಅಷ್ಟೂ ಬಂಡಿಗಳ ಮೇಲೆ ನಿಜ ಗೊತ್ತಿದ್ದವಳು ನಾನೊಬ್ಬಳೇ. ತವರು ಗೆದ್ದಿದೆ, ಅದೂ ಸೊಲ್ಲಾಪುರಕ್ಕೆ ಹೋಗುವಂತೆ ಗೆದ್ದಿದೆ. ಅತ್ತೆ ನನ್ನನ್ನು ಅಪ್ಪಿಕೊಂಡು ಕುಣಿದರು. ನಾನೂ ಕುಣಿದೆ. ಅಂದು ನಾನು ಪಟ್ಟ ಸಂತೋಷದಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

"ನೋಡ್ರೇ, ನನ್ನ ಸೊಸಿಗೆ ಎಷ್ಟು ಹಿಗ್ಗಾಗೇತಿ!" ಎಂದು ಅತ್ತೆ ಎಲ್ಲರಿಗೂ ಹೇಳಿದರು. "ತವರಿನವರು ಸೋತ್ರೂ ಒಂದೀಟು ಬ್ಯಾಸರಿಲ್ಲ. ಮನಿ ಹೆಣ್ಣಮಗಳಂದ್ರ ಹಿಂಗಿರಬೇಕು!"

ಬಂಡಿಯ ಕೆಳಗಿನಿಂದ ನಮ್ಮ ಮನೆಯವರ ಕೆಮ್ಮು ಕೇಳಿಸಿತು. ಅದು ಕೆಮ್ಮಲ್ಲವೆಂದು ನನಗೆ ಗೊತ್ತಿತ್ತು.

ಮಾಸ್ತರರು ಒಂದು ಸ್ಟೂಲಿನ ಮೇಲೆ ಹತ್ತಿ ಸೀಟಿ ಊದುತ್ತಲೇ ಇದ್ದರು. ಗದ್ದಲ ಇಳಿದಮೇಲೆ ತೀರ್ಪು ಹೇಳಿದರು. ತಿಕೋಟಾ ಒಂದು ಪಾಯಿಂಟಿನಿಂದ ಗೆದ್ದಿದೆ.

ಹಲಗೆ ಬಾರಿಸುವವನ ಕೈ ಮೇಲೆಯೇ ನಿಂತಿತು. ಹೆಗಲ ಮೇಲಿದ್ದ ಮೈದುನನನ್ನು ಹೊತ್ತವರು, ಯಾರದೋ ಸಾಮಾನು ತಪ್ಪಿ ತಂದೆವು ಎಂಬಂತೆ ಮೆಲ್ಲಗೆ ನೆಲಕ್ಕಿಳಿಸಿದರು. ಎದುರು ಕಡೆ ಹೂಡಿದ ಎತ್ತುಗಳನ್ನು ಬಿಟ್ಟು ಮುದುಕರು ತಿರುಗಿ ಓಡಿ ಬಂದರು. ಈಗ ಅಲ್ಲಿ ಗದ್ದಲ, ಇಲ್ಲಿ ಮೌನ. ನಮ್ಮ ಹಲಗೆಯವನು ಒಂದು ಗಳಿಗೆ ಆಚೀಚೆ ನೋಡಿ, ಕಸುಬುಗಾರನಿಗೆ ಊರಿನ ಭೇದವೇನು ಎನ್ನುವಂತೆ ಬಯಲು ದಾಟಿ ಹೋಗಿ ತಿಕೋಟಾದವರ ಮುಂದೆ ಬಾರಿಸತೊಡಗಿದ.

ಅತ್ತೆ ಬಂಡಿಯಿಂದ ಇಳಿದು ನೇರ ಮಾಸ್ತರರ ಮುಂದೆ ಹೋಗಿ ನಿಂತರು. ಅವರ ಹಿಂದೆ ನಾನು.

"ಮಾಸ್ತರ, ಚೆಂಡು ಬುಟ್ಟ್ಯಾಗ ಬಿತ್ತೋ ಇಲ್ಲೋ?"

"ಬಿತ್ರಿ ಅವ್ವಾರ."

"ಒಗದಾಂವ ನನ್ನ ಮಗಾ ಹೌದೋ ಅಲ್ಲೋ?"

"ಹೌದ್ರಿ. ಭಾಳ ಚೊಲೋ ಒಗದಾನ. ಆದ್ರ ಅದು ನಿಮ್ಮ ಬುಟ್ಟಿರಿ."

"ನಮ್ಮ ಬುಟ್ಟ್ಯಾಗ ನಾವು ಹಾಕಿಕೊಂಡ್ರ ಅವರ ಪಾಲಿಗೆ ಹೆಂಗ ಹೋಗ್ತೈತಿ? ನಮ್ಮ ಹಗೇದಾಗ ನಾವು ಜೋಳ ತುಂಬಿದ್ರ ತಿಕೋಟಾದಾವ್ರ ಒಯ್ಯಾಕ ಬರ್ತಾರೇನು?"

ಮಾಸ್ತರರು ಪುಣೆಯಲ್ಲಿ ಇದಕ್ಕೆ ಉತ್ತರ ಕಲಿತಿರಲಿಲ್ಲ. ಟೋಪಿ ತೆಗೆದು ತಲೆ ಕೆರೆದುಕೊಂಡು, "ಕಾಯ್ದೆ ಹಂಗದರಿ ಅವ್ವಾರ. ನಾ ಮಾಡಿದ್ದಲ್ರಿ," ಎಂದರು. ಅಷ್ಟು ಹೊತ್ತಿಗೆ ಅವ್ವ ಅಲ್ಲಿಗೆ ಬಂದಳು. ಅತ್ತೆ ಅವಳ ಕಡೆ ತಿರುಗಿ, "ನಿಮ್ಮ ಹುಗ್ಗಿ ಹೊಟ್ಟ್ಯಾಗ ಇರಲಿಲ್ಲಂದ್ರ ನನ್ನ ಮಗಾ ದಿಕ್ಕ ತಪ್ಪತಿದ್ದಿಲ್ರಿ," ಎಂದರು.

"ನಿಮ್ಮ ಹೋಳಗಿ ಇರಲಿಲ್ಲಂದ್ರ ನನ್ನ ಮಗಾ ಚೆಂಡನ್ನ ಸಂದ್ಯಾಗ ಕುಂದ್ರಸ್ತಿದ್ದಿಲ್ರಿ ಅಕ್ಕಾರ," ಎಂದಳು ಅವ್ವ.

ಅತ್ತೆಯ ತುಟಿಯ ಒಂದು ಮೂಲೆ ಅಲುಗಿತು. ಆದರೆ ನಗಲಿಲ್ಲ. ನಾವು ಬಂಡಿ ಹೂಡಿಕೊಂಡು ಹೊರಟೆವು. ದಾರಿಯುದ್ದಕ್ಕೂ ಅತ್ತೆ ಮಾತಾಡಲಿಲ್ಲ. ನನ್ನ ಕುಣಿತ ಅವರ ಲೆಕ್ಕಕ್ಕೆ ಹೇಗೆ ಬಂತೋ ಎಂದು ನಾನು ಹೆದರಿ ಕುಳಿತಿದ್ದೆ. ಊರು ಹತ್ತಿರವಾದಾಗ ಅವರು ನನ್ನ ಕೈ ಎತ್ತಿ ನೋಡಿ, "ಬಳಿ ಎಲ್ಲಿ ಒಡಕೊಂಡೀ?" ಎಂದರು, ಅಷ್ಟೇ.

ಮೈದುನ ಊರಿಗೆ ಬರಲು ನಾಚಿ ಎರಡು ಮೂರು ರವಿವಾರ ಖೋಲಿಯಲ್ಲೇ ಉಳಿದ. ಕೊನೆಗೆ ನಮ್ಮ ಮನೆಯವರೇ ಹೋಗಿ ಕರೆತಂದರು. ಪಡಸಾಲೆಯ ಕಂಬಕ್ಕೆ ಒರಗಿ ತಲೆ ತಗ್ಗಿಸಿ ಕುಳಿತವನ ಮುಂದೆ ಅತ್ತೆ ನಿಂತರು.

"ನಿನಗ ಕಾಯ್ದೆ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ತು ಬೇ."

"ಮತ್ಯಾಕ ಒಗದಿ?"

"ನೀ ಒಗಿ ಅಂದೆಲ್ಲ?"

"ಅಷ್ಟು ಮಂದಿ ಒದರಾಕತ್ತಿತ್ತು. ನಾ ಅಂದದ್ದು ಕೇಳಸ್ತೇನ ನಿನಗ?"

"ನೀ ಅಂದದ್ದ ಕೇಳಸ್ತು. ಮತ್ತೇನೂ ಕೇಳಸಲಿಲ್ಲ," ಎಂದ ಮೈದುನ.

ಅತ್ತೆ ಒಳಗೆ ಹೋದರು. ಅಡುಗೆಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಭುಜ ಕುಣಿಯುತ್ತಿದ್ದವು. ಅಳುತ್ತಿದ್ದಾರೆಂದು ನಾನು ಗಾಬರಿಯಾಗಿ ಹತ್ತಿರ ಹೋದರೆ, ನಗುತ್ತಿದ್ದರು. ನನ್ನನ್ನು ನೋಡಿ ಇನ್ನೂ ಜೋರಾಗಿ ನಕ್ಕರು. ಆಮೇಲೆ ಈ ಕಥೆಯನ್ನು ನಮ್ಮೂರಲ್ಲಿ ಹೇಳದೆ ಬಿಟ್ಟ ಮನೆಯಿಲ್ಲ. ಸೋತದ್ದನ್ನು ಒಂದು ಮಾತಿನಲ್ಲಿ ಮುಗಿಸಿ, ಎರಡು ಊರಿನ ಗದ್ದಲದಲ್ಲಿ ಮಗನಿಗೆ ತಮ್ಮ ದನಿಯೊಂದೇ ಕೇಳಿಸಿದ್ದನ್ನು ಬಣ್ಣ ಕಟ್ಟಿ ಹೇಳುತ್ತಿದ್ದರು.

ಸೊಲ್ಲಾಪುರಕ್ಕೆ ಹೊರಡುವ ಹೊತ್ತಿಗೆ ತಿಕೋಟಾದ ಒಬ್ಬ ಹುಡುಗನಿಗೆ ಜ್ವರ ಬಂತು. ನನ್ನ ತಮ್ಮ ಮಾಸ್ತರರ ಕಾಲು ಹಿಡಿದು ಆ ಜಾಗದಲ್ಲಿ ಮೈದುನನನ್ನು ಕರೆದೊಯ್ದ. ಇಬ್ಬರೂ ಕೂಡಿ ಆಡಿ, ಮೊದಲ ಆಟದಲ್ಲೇ ಸೋತು, ಅಲ್ಲಿಯ ಗಿರಣಿಗಳ ಭೋಂಗಾ ಕೂಗುವುದನ್ನು ಕೇಳಿ, ಒಂದು ಸಿನೆಮಾ ನೋಡಿ ತಿರುಗಿ ಬಂದರು. ಊಟಕ್ಕೆ ಕುಳಿತಾಗ ಅತ್ತೆ ಸೊಲ್ಲಾಪುರದ ಸುದ್ದಿ ಕೇಳಿದರು. ಆಟ ಹೇಗಾಯಿತು ಎಂದಲ್ಲ, ನೋಡಲು ಬಂದ ಮಂದಿ ಹೇಗಿದ್ದರು ಎಂದು.

"ಅಲ್ಲಿ ಎಲ್ಲಾರೂ ಕುರ್ಚಿ ಮ್ಯಾಲ ಕುಂದ್ರತಾರ ಬೇ," ಎಂದ ಮೈದುನ. "ಸುಮ್ಮನ ನೋಡ್ತಾರ. ಬುಟ್ಟ್ಯಾಗ ಬಿತ್ತಂದ್ರ ಚಪ್ಪಾಳಿ ಹೊಡೀತಾರ. ಯಾರೂ ಏನೂ ಒದರೂದಿಲ್ಲ."

ಅತ್ತೆ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ನಿಜವಾಗಿಯೂ ಮರುಗಿದರು.

"ಪಾಪ! ಹಂಗಾರ ಆಡೂ ಹುಡುಗೂರಿಗೆ ಏನ ಮಾಡಬೇಕನ್ನೂದು ಹೆಂಗ ತಿಳೀಬೇಕು?"